ನಮ್ಮ ಸೀಮೆಯ ಕ್ರಿಸ್ಮಸ್ ಭೋಜನ

ಕ್ರಿಸ್ಮಸ್ ಹಬ್ಬವು ಸಮೀಪಿಸಿತೆಂದರೆ ನಮ್ಮ ಕುಟುಂಬಗಳಲ್ಲಿ ಎರಡು ವಿಧವಾದ ಸಿದ್ಧತೆಗಳು ಆರಂಭವಾಗುತ್ತವೆ. ದೇವಾಲಯವನ್ನು ಅಲಂಕರಿಸುವುದು, ಗೀತಗಳನ್ನು ಅಭ್ಯಾಸ ಮಾಡುವುದು, ಮಕ್ಕಳಿಗೆ ಹೊಸ ಬಟ್ಟೆ ಹೊಲಿಸುವುದು ಇವು ಒಂದು ವಿಧ. ಒಲೆಯ ಮುಂದೆ ನಡೆಯತಕ್ಕದ್ದು ಇನ್ನೊಂದು ವಿಧ. ಮೊದಲನೆಯದಕ್ಕೆ ಕೈಗೂಡಿಸುವವರು ಅನೇಕರು; ಎರಡನೆಯದರ ಭಾರವಾದರೋ ಸಾಮಾನ್ಯವಾಗಿ ಮನೆಯ ತಾಯಿಯೊಬ್ಬಳ ಮೇಲೆಯೇ ಬೀಳುತ್ತದೆ. ಆದಕಾರಣ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮನೆಗಳಲ್ಲಿ ಈ ಹಬ್ಬದ ಊಟವು ಹೇಗಿರಬಹುದು, ಅದನ್ನು ಸಾಲವಿಲ್ಲದೆಯೂ ಅತಿಯಾದ ಆಯಾಸವಿಲ್ಲದೆಯೂ ಹೇಗೆ ಸಿದ್ಧಪಡಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗುತ್ತದೆ.

ಮೊದಲು ಒಂದು ಸಂಗತಿಯನ್ನು ತಿಳಿದುಕೊಳ್ಳತಕ್ಕದ್ದು. ಕ್ರಿಸ್ತನ ಜನನವನ್ನು ವರ್ಣಿಸುವ ಸುವಾರ್ತೆಗಳಲ್ಲಿ ಹಬ್ಬಕ್ಕೆ ಇಂಥದೇ ಅಡಿಗೆಯಾಗಬೇಕೆಂಬ ಮಾತು ಎಲ್ಲಿಯೂ ಇಲ್ಲ. ರೋಮಾಪುರಿಯಲ್ಲಿ ಡಿಸೆಂಬರ್ ೨೫ನೆಯ ದಿನವನ್ನು ಜನನೋತ್ಸವವಾಗಿ ಆಚರಿಸಿದುದು ನಾಲ್ಕನೆಯ ಶತಮಾನದಿಂದ ಕಂಡುಬರುತ್ತದೆ. ಅಂದಿನಿಂದ ಆಯಾ ದೇಶದವರು ಆ ಋತುವಿನಲ್ಲಿ ತಮ್ಮ ಮನೆಯಲ್ಲಿ ಏನಿತ್ತೋ ಅದರಿಂದಲೇ ಹಬ್ಬ ಮಾಡಿದರು. ಆಂಗ್ಲರ ದೇಶದಲ್ಲಿ ಚಳಿಗಾಲಕ್ಕೆ ಹಸಿಯ ಹಣ್ಣುಗಳು ವಿರಳವಾದ್ದರಿಂದ ಕೂಡಿಟ್ಟ ಒಣದ್ರಾಕ್ಷಿಯನ್ನು ಹಾಕಿ ಗಂಜಿಯನ್ನೂ ಕಡುಬನ್ನೂ ಬೇಯಿಸುತ್ತಿದ್ದರು. ಕಾಲಕ್ರಮದಲ್ಲಿ ಅಂಥ ಅಡಿಗೆಗಳಿಂದಲೇ ‘ಪ್ಲಮ್ ಕೇಕು’ ಬೆಳೆದು ಬಂತು. ಮಂಗಳೂರಿನ ಕಥೋಲಿಕ ಕುಟುಂಬಗಳು ತೆಂಗಿನ ಸೀಮೆಯವರಾದ್ದರಿಂದ ‘ಕುಸ್ವಾರ್’ ಎಂಬ ತಿಂಡಿಗಳ ತಟ್ಟೆಯನ್ನು ನೆರೆಹೊರೆಗೆ ಹಂಚುತ್ತಾರೆ. ಅದರಲ್ಲಿರುವ ‘ನೆವ್ರಿ’ ಎಂಬುದು ನಮ್ಮ ಕರ್ಚಿಕಾಯಿಯ ಒಡಹುಟ್ಟಿದ ಅಕ್ಕನೇ ಸರಿ. ಹೀಗಿರುವಲ್ಲಿ ನಮ್ಮ ಸೀಮೆಯ ತಟ್ಟೆಯು ಏಕೆ ಬೇರೆಯವರ ತಟ್ಟೆಯ ನೆರಳಾಗಬೇಕು?

ಈ ಮೂರು ತಾಲೂಕುಗಳು ಭೀಮಾ ನದಿಯ ಸುತ್ತಲಿನ ಎರೆಭೂಮಿಯವು. ಡಿಸೆಂಬರ್ ತಿಂಗಳಲ್ಲಿ ಇಲ್ಲಿ ಮುಂಗಾರಿನ ಸಜ್ಜೆಯೂ ಶೇಂಗಾವೂ ಮನೆ ಸೇರಿರುತ್ತವೆ. ತೊಗರಿಯ ರಾಶಿಯು ನಡೆದಿರುತ್ತದೆ. ಹಸಿಗಡಲೆ, ಅವರೆ, ಎಳೆಬದನೆ, ಮೆಂತ್ಯದ ಸೊಪ್ಪು ಹೇರಳವಾಗಿ ದೊರೆಯುತ್ತವೆ. ಹಿಂಗಾರಿ ಜೋಳವಿನ್ನೂ ಹೊಲದಲ್ಲಿಯೇ ಇದ್ದರೂ ಕಳೆದ ವರ್ಷದ ಜೋಳವು ಚೀಲಗಳಲ್ಲಿರುತ್ತದೆ. ಕಲಬುರಗಿಯ ತೊಗರಿಬೇಳೆಯು ೨೦೧೯ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆಯಿತು. ಇದೇ ದಿನಗಳಲ್ಲಿ, ಡಿಸೆಂಬರ್ ಉತ್ತರಾರ್ಧದಲ್ಲಿಯೋ ಜನವರಿಯ ಪೂರ್ವಾರ್ಧದಲ್ಲಿಯೋ, ನಮ್ಮ ಒಕ್ಕಲು ಮಕ್ಕಳು ಎಳ್ಳಮಾವಾಸ್ಯೆಯ ಚರಗಕ್ಕಾಗಿ ಸಜ್ಜೆರೊಟ್ಟಿ, ಸಜ್ಜೆಕಡುಬು, ಭಜ್ಜಿಪಲ್ಯ, ಶೇಂಗಾಹೋಳಿಗೆಗಳನ್ನು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವರು. ಒಂದೇ ನೆಲ, ಒಂದೇ ಋತು. ಆದ್ದರಿಂದ ನಮ್ಮ ಹಬ್ಬದ ಒಲೆಯ ಮೇಲೆಯೂ ಅವೇ ಪದಾರ್ಥಗಳಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲಿ ಕಷ್ಟದ ವಿಷಯವೊಂದುಂಟು. ಡಿಸೆಂಬರ್ ಕೊನೆಗೆ ಮನೆಯಲ್ಲಿ ಕಾಳಿದ್ದರೂ ಕೈಯಲ್ಲಿ ಹಣವಿರುವುದಿಲ್ಲ. ತೊಗರಿಯು ಮಾರಾಟವಾಗಿ ಹಣ ಬರುವುದು ಅನೇಕರಿಗೆ ಹಬ್ಬದ ತರುವಾಯವೇ. ಮುಂಬಯಿ, ಪುಣೆಗಳಿಗೆ ದುಡಿಯಹೋದ ಮಗನು ಹಬ್ಬಕ್ಕೆ ಊರಿಗೆ ಬಂದಾಗ ಪೇಟೆಯ ಕೇಕು, ಪೇಟೆಯ ಮಿಠಾಯಿ, ಹತ್ತಾರು ಜನಕ್ಕೆ ಬಿರಿಯಾನಿ ಎಂದು ಕೊಳ್ಳತೊಡಗಿದರೆ ತಿಂಗಳುಗಟ್ಟಲೆ ದುಡಿದುದು ಒಂದೇ ಹೊತ್ತಿನಲ್ಲಿ ಕರಗಿ, ಜನವರಿಯಲ್ಲಿ ಸಾಲಗಾರನು ಬಾಗಿಲಿಗೆ ಬರುವನು. ಮನೆಯಲ್ಲಿದ್ದ ಕಾಳಿನಿಂದ ಮಾಡಿದ ಹಬ್ಬಕ್ಕೆ ಈ ಭಯವಿಲ್ಲ.

“ದಿನವೂ ತಿನ್ನುವ ಜೋಳದ ರೊಟ್ಟಿಯನ್ನು ಹಬ್ಬದ ದಿನವೂ ಬಡಿಸುವುದೇ?” ಎಂದು ಕೆಲವರು ನಾಚುತ್ತಾರೆ. ಬೇತ್ಲೆಹೇಮ್ ಎಂಬ ಊರಿನ ಹೆಸರಿಗೆ ಇಬ್ರಿಯ ಭಾಷೆಯಲ್ಲಿ ‘ರೊಟ್ಟಿಯ ಮನೆ’ ಎಂದೇ ಅರ್ಥವೆಂಬುದನ್ನು ಅವರು ನೆನೆಯಲಿ. ಜೋಳದ ಹಿಟ್ಟಿಗೆ ಗೋಧಿಗಿರುವ ಅಂಟು ಇಲ್ಲ. ಕುದಿನೀರನ್ನು ಹಾಕಿ ಹದವಾಗಿ ನಾದಿ, ಅಂಗೈಯಿಂದ ಬಡಿದರೆ ಮಾತ್ರ ಒಡೆಯದೆ ತೆಳ್ಳಗಾಗುತ್ತದೆ. ಇದು ವರ್ಷಗಳ ಅಭ್ಯಾಸದಿಂದ ಬರುವ ಕೈಚಳಕವೇ ಹೊರತು ಬಡತನದ ಗುರುತಲ್ಲ. ವಿಶ್ವಸಂಸ್ಥೆಯು ೨೦೨೩ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿ ಜೋಳ ಸಜ್ಜೆಗಳನ್ನು ಗೌರವಿಸಿತು. ಇದಲ್ಲದೆ ಜೋಳದಲ್ಲಿ ಕೊರತೆಯಾದ ಪೋಷಕಾಂಶವನ್ನು ಬೇಳೆಕಾಳುಗಳು ತುಂಬಿಕೊಡುವುದರಿಂದ ರೊಟ್ಟಿ ಬೇಳೆಗಳ ಜೊತೆಯು ದೇಹಕ್ಕೆ ಬಹಳ ಹಿತಕರ.

ಹಾಗೆಂದು ಅನ್ನವನ್ನಾಗಲಿ ಕೇಕನ್ನಾಗಲಿ ಬೇಡವೆಂದು ಹೇಳುವುದು ಈ ಲೇಖನದ ಅಭಿಪ್ರಾಯವಲ್ಲ. ಈ ಸೀಮೆಯ ಬಡವರಿಗೆ ಅಕ್ಕಿಯನ್ನವೇ ಹಬ್ಬದೂಟವಾಗಿದ್ದ ಕಾಲವೊಂದಿತ್ತು. ಹಿರಿಯರು ಅದನ್ನು ಆಶೆಪಟ್ಟು ಉಣ್ಣುವರು. ಮಕ್ಕಳ ಸಂತೋಷಕ್ಕಾಗಿ ಒಂದು ಚಿಕ್ಕ ಕೇಕನ್ನು ತಂದರೆ ತಪ್ಪೇನು? ಎಲ್ಲವೂ ಅಳತೆಯಲ್ಲಿರಲಿ ಎಂಬುದಷ್ಟೇ ಮಾತು.

ಎಂಟು ಜನರ ಕುಟುಂಬಕ್ಕೆ ಸಾಕಾಗುವ ಪಟ್ಟಿಯೊಂದನ್ನು ಕೆಳಗೆ ಕೊಟ್ಟಿದೆ.

ರೊಟ್ಟಿ: ಜೋಳದ ಹಿಟ್ಟು ೧ ಕಿಲೋ, ಸುಮಾರು ೧೬ ರೊಟ್ಟಿಗಳಾಗುವವು.
ಎಣಗಾಯಿ: ಎಳೆಬದನೆ ೧ ಕಿಲೋ, ತುಂಬುವುದಕ್ಕೆ ಶೇಂಗಾಪುಡಿ, ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಮಸಾಲೆಖಾರ.
ಬೇಳೆ: ತೊಗರಿಬೇಳೆ ೩೦೦ ಗ್ರಾಂ, ಮೆಂತ್ಯದ ಸೊಪ್ಪಿನೊಡನೆ.
ಮಾಂಸದ ಸಾರು: ಕುರಿಯ ಮಾಂಸ ಒಂದೂವರೆ ಕಿಲೋ, ಅನುಕೂಲವಿಲ್ಲದವರು ೧೨ ಮೊಟ್ಟೆಗಳಿಂದಲೇ ಸಾರು ಮಾಡಬಹುದು.
ಅನ್ನ: ಅಕ್ಕಿ ೭೫೦ ಗ್ರಾಂ.
ಸಿಹಿ: ಶೇಂಗಾಹೋಳಿಗೆ, ಹುರಿದ ಶೇಂಗಾ ೫೦೦ ಗ್ರಾಂ, ಬೆಲ್ಲ ೪೦೦ ಗ್ರಾಂ, ಗೋಧಿಹಿಟ್ಟು ೫೦೦ ಗ್ರಾಂ, ೨೦ಕ್ಕೆ ಕಡಿಮೆಯಾಗಲಾರವು.
ಜೊತೆಗೆ: ಹಸಿಗಡಲೆ, ಈರುಳ್ಳಿ, ಮೆಂತ್ಯದ ಪಚಡಿ, ಶೇಂಗಾಹಿಂಡಿ, ಮೊಸರು, ಮಜ್ಜಿಗೆ.

ಈ ಪಟ್ಟಿಯಲ್ಲಿ ಬೇಳೆಯ ಹೂರಣದ ಹೋಳಿಗೆಯನ್ನು ಬಿಟ್ಟು ಶೇಂಗಾಹೋಳಿಗೆಯನ್ನು ಆರಿಸಿದ್ದಕ್ಕೆ ಕಾರಣವುಂಟು. ಬೇಯಿಸಿದ ಹೂರಣವು ಬೇಗನೆ ಹಳಸುವುದರಿಂದ ಆ ಹೋಳಿಗೆಯನ್ನು ಅದೇ ದಿನ ಮಾಡಬೇಕಾಗುತ್ತದೆ. ಶೇಂಗಾಹೋಳಿಗೆಯಲ್ಲಿ ನೀರಿನಂಶವು ಕಡಿಮೆಯಾದ್ದರಿಂದ ಅದು ನಾಲ್ಕಾರು ದಿನ ಕೆಡದೆ ಇರುತ್ತದೆ. ತಾಯಿಯು ಹಬ್ಬದ ಬೆಳಿಗ್ಗೆ ಒಲೆಯ ಮುಂದೆ ಬಂಧಿಯಾಗುವುದಿಲ್ಲ.

ಕೆಲಸವನ್ನು ಹೀಗೆ ಹಂಚಿಕೊಳ್ಳಬಹುದು. ಡಿಸೆಂಬರ್ ೨೧ರಂದು ಹಿಂಡಿಯನ್ನೂ ಮಸಾಲೆಪುಡಿಯನ್ನೂ ಕುಟ್ಟಿಡತಕ್ಕದ್ದು. ೨೨ರಂದು ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿಗಳನ್ನು ಮಾಡಿ ಒಣಗಿಸಿಟ್ಟರೆ ಅತಿಥಿಗಳು ಅಕಸ್ಮಾತ್ತಾಗಿ ಬಂದರೂ ಚಿಂತೆಯಿಲ್ಲ. ೨೩ರಂದು ಕರ್ಚಿಕಾಯಿ, ಚಕ್ಕುಲಿ. ೨೪ರ ಮಧ್ಯಾಹ್ನ ಹೋಳಿಗೆಯನ್ನು ಮುಗಿಸಿ, ಬದನೆಯ ಹೂರಣವನ್ನು ಪುಡಿಮಾಡಿಟ್ಟು, ಸಂಜೆಯ ಆರಾಧನೆಗೆ ಎಲ್ಲರೂ ಹೊರಡಬೇಕು. ೨೫ರ ಬೆಳಿಗ್ಗೆ ಉಳಿಯುವುದು ಸಾರು, ಬೇಳೆ, ಎಣಗಾಯಿ, ಅನ್ನ, ರೊಟ್ಟಿ ಇಷ್ಟೇ. ಮಾಂಸವನ್ನು ಅಂದಿನ ಬೆಳಿಗ್ಗೆಯೇ ತರಿಸಿ, ತಡಮಾಡದೆ ಬೇಯಿಸುವುದು ಆರೋಗ್ಯಕ್ಕೆ ಕ್ಷೇಮ.

ನೆರೆಯವರನ್ನು ಮರೆಯಬಾರದು. ನಮ್ಮ ಓಣಿಗಳಲ್ಲಿ ಮಾಂಸವನ್ನು ಮುಟ್ಟದವರೂ ಇದ್ದಾರೆ. ಅವರಿಗೆ ಕಳುಹಿಸುವ ಹೋಳಿಗೆ ಕರ್ಚಿಕಾಯಿಗಳನ್ನು ಬೇರೆ ಪಾತ್ರೆಯಲ್ಲಿ, ಮಾಂಸವು ಮನೆಗೆ ಬರುವ ಮೊದಲೇ ಮಾಡಿ ತೆಗೆದಿಡುವುದು ಸ್ನೇಹದ ಲಕ್ಷಣ. ಮೇಲಿನ ದಿನಕ್ರಮದಲ್ಲಿ ಇದು ತಾನಾಗಿಯೇ ಸಾಧ್ಯವಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದಾಸೋಹವನ್ನು ಸಾರಿದ ನೆರೆಯ ನಾಡು ಇದು. ಕಲಬುರಗಿಯ ಶರಣಬಸವೇಶ್ವರರ ಹೆಸರು ಇಂದಿಗೂ ಅನ್ನದಾನದೊಡನೆ ಕೂಡಿ ಬರುತ್ತದೆ. ಆದರೂ ಪಂಕ್ತಿಯಿಂದ ಹೊರಗೆ ಕೂಡ್ರಿಸಲ್ಪಟ್ಟು, ದೂರದಿಂದ ಎಸೆದ ರೊಟ್ಟಿಯನ್ನು ಹಿಡಿದುಕೊಂಡವರು ನಮ್ಮ ಹಿರಿಯರಲ್ಲಿ ಅನೇಕರು. ಅಂಥ ಕುಟುಂಬಗಳಿಗೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಊಟವೆಂಬುದು ಸಣ್ಣ ಸಂಗತಿಯಲ್ಲ; ಪದಾರ್ಥಗಳೆಷ್ಟಿದ್ದವು ಎಂಬುದಕ್ಕಿಂತ ಅದೇ ಹಬ್ಬದ ತಿರುಳು.

ಆದ್ದರಿಂದ, ಬಾಲಕಿಯರೇ, ಆ ಸಾಲಿನಲ್ಲಿ ನಿಮ್ಮ ತಾಯಿಗೂ ಸ್ಥಳವಿದೆಯೇ ಎಂದು ನೋಡಿರಿ. ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ ತಳದಲ್ಲಿ ಉಳಿದುದನ್ನು ಕೆದರಿ ಉಣ್ಣುವುದು ಬಹುಕಾಲದ ರೂಢಿಯಾದರೂ ಒಳ್ಳೆಯ ರೂಢಿಯಲ್ಲ. ರೊಟ್ಟಿಗಳನ್ನು ಮೊದಲೇ ಬಡಿದು ಬಟ್ಟೆಯಲ್ಲಿ ಸುತ್ತಿಡಿರಿ. ನೀರು ತುಂಬುವುದನ್ನೂ ಪಾತ್ರೆ ಬೆಳಗುವುದನ್ನೂ ಅಣ್ಣತಮ್ಮಂದಿರಿಗೆ ಒಪ್ಪಿಸಿರಿ. ಎಲ್ಲ ಪದಾರ್ಥಗಳನ್ನೂ ನಡುವೆ ಇಟ್ಟು, ಒಬ್ಬರಿಗೊಬ್ಬರು ಬಡಿಸಿಕೊಳ್ಳಿರಿ. ತಾಯಿಯು ಆರಾಧನೆಯಲ್ಲಿ ನೆಮ್ಮದಿಯಿಂದ ಕುಳಿತು, ಅನಂತರ ತನ್ನ ಮಕ್ಕಳೊಡನೆ ಬಿಸಿಯಾದ ಊಟವನ್ನು ಉಂಡಳಾದರೆ ಆ ಮನೆಯ ಪಟ್ಟಿಯು ಸಫಲವಾಯಿತೆಂದು ತಿಳಿಯತಕ್ಕದ್ದು.