ಆಟ ಆಡುವವರ ಊರಿಗೆ ಆಟ ಕಟ್ಟುವ ಕಸುಬೂ ಬರಲಿ

ಯಾದಗಿರಿ ಜಿಲ್ಲೆಯ ಕೊಂಕಲ್‌ನಂತಹ ಊರುಗಳಿಗೆ ಹೊಸ ತಂತ್ರಜ್ಞಾನವು ಮುಖ್ಯವಾಗಿ ಒಂದೇ ರೂಪದಲ್ಲಿ ಬಂದಿದೆ: ಅಂಗೈಯಗಲದ ಫೋನು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾದ ಬಳಿಕ ಡೇಟಾ ಅಗ್ಗವಾಯಿತು. 2020ರ ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠದ ಕಾರಣಕ್ಕೆ ಅದು ಮಕ್ಕಳ ಕೈ ಸೇರಿತು. ಪಾಠ ಮುಗಿದರೂ ಫೋನು ಉಳಿಯಿತು. ಪಾಠದ ಜಾಗಕ್ಕೆ ಆಟ ಬಂತು. ಹತ್ತಿ ಬಿಡಿಸಿ ಬಂದ ತಾಯಿಯ ಕೂಲಿಯಲ್ಲಿ ಒಂದು ಪಾಲು ಈಗ ರೀಚಾರ್ಜ್‌ಗೆ ಮೀಸಲು.

ಈ ಭಾಗದ ಪ್ರೌಢಶಾಲೆಯ ಮಕ್ಕಳೊಂದಿಗೆ ಮಾತನಾಡುವಾಗ ಒಬ್ಬ ಹುಡುಗ ನನಗೆ ಹಾಕಿದ ಪ್ರಶ್ನೆ ಇದು: ‘ಸರ, ಈ ಗೇಮ್ ಮಾಡೋರಿಗೂ ಪಗಾರ ಇರ್ತದೇನ್ರಿ?’ ಉಳಿದವರು ನಕ್ಕರು. ನಗುವಂಥದ್ದೇನೂ ಅದರಲ್ಲಿರಲಿಲ್ಲ. ಗುಳೆ ಹೋಗುವ ಕುಟುಂಬಗಳ ಸೀಮೆಯಲ್ಲಿ ಯಾವ ಕೆಲಸಕ್ಕೆ ಪಗಾರವಿದೆ ಎಂದು ಕೇಳುವುದು ಬದುಕಿನ ಪ್ರಶ್ನೆ. ಇರುತ್ತದೆ ಎಂದು ಹೇಳುವುದು ಸುಲಭ. ಆ ಪಗಾರದವರೆಗೆ ಹೋಗುವ ದಾರಿ ಯಾವುದು ಎಂಬುದಕ್ಕೆ ಮಾತ್ರ ನಮ್ಮ ಶಾಲೆಗಳಲ್ಲಿಯೂ ಸರ್ಕಾರದಲ್ಲಿಯೂ ಸರಿಯಾದ ಉತ್ತರವಿಲ್ಲ.

ಆಟ ಕಟ್ಟುವ ಉದ್ಯಮ ಕರ್ನಾಟಕಕ್ಕೆ ಹೊಸದಲ್ಲ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ‘ಧ್ರುವ ಇಂಟರ್‌ಆ್ಯಕ್ಟಿವ್’ ಆರಂಭಿಸಿದ್ದು 1997ರಲ್ಲಿ. ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಅದೂ ಒಂದು. ವಿದೇಶಿ ಆಟಗಳಿಗೆ ಬೇಕಾದ ಚಿತ್ರ, ವಾಹನ, ಕಟ್ಟಡ, ಪಾತ್ರಗಳನ್ನು ಇಲ್ಲಿನವರೇ ರೂಪಿಸಿಕೊಡುತ್ತಿದ್ದರು. 2019ರಲ್ಲಿ ಅದನ್ನು ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಜಗತ್ತಿನ ದೊಡ್ಡ ಆಟಗಳ ಹಿಂದೆ ಬೆಂಗಳೂರಿನ ಕೈಗಳಿವೆ ಎಂಬುದು ಆ ಆಟಗಳನ್ನು ಆಡುವ ನಮ್ಮ ಹುಡುಗರಿಗೇ ಗೊತ್ತಿಲ್ಲ.

ಗೇಮ್ ಎಂದೊಡನೆ ಕೋಡ್ ಬರೆಯುವ ಎಂಜಿನಿಯರ್ ಒಬ್ಬನೇ ನಮ್ಮ ಕಣ್ಣಿಗೆ ಬೀಳುತ್ತಾನೆ. ವಾಸ್ತವದಲ್ಲಿ ಒಂದು ಆಟವೆಂದರೆ ಒಂದು ನಾಟಕ ಕಂಪನಿ ಇದ್ದಂತೆ. ಕಥೆ ಕಟ್ಟುವವರು, ಪಾತ್ರದ ಮೊದಲ ಚಿತ್ರ ಬಿಡಿಸುವವರು, ಆ ಚಿತ್ರಕ್ಕೆ ಮೂರು ಆಯಾಮ ಕೊಡುವವರು, ನಡಿಗೆ ಕಲಿಸುವವರು, ಸದ್ದು ಕೂಡಿಸುವವರು, ಭಾಷೆ ಬದಲಿಸುವವರು, ತಪ್ಪು ಹುಡುಕಲೆಂದೇ ನೂರಾರು ಸಲ ಆಡಿ ವರದಿ ಬರೆಯುವವರು ಅಲ್ಲಿರುತ್ತಾರೆ. ಇವುಗಳಲ್ಲಿ ಹಲವು ಕೆಲಸಗಳಿಗೆ ಎಂಜಿನಿಯರಿಂಗ್ ಪದವಿಗಿಂತ ಕೈಪಳಗಿಕೆಯೇ ಮುಖ್ಯ. ಕೆಲಸ ಕೊಡುವವರು ಅಂಕಪಟ್ಟಿಗೆ ಮುನ್ನ ಅಭ್ಯರ್ಥಿ ಮಾಡಿರುವ ಕೆಲಸದ ಮಾದರಿಗಳನ್ನು ನೋಡುತ್ತಾರೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯದಲ್ಲೇ ಕೊನೆಯ ಸ್ಥಾನಕ್ಕೆ ಇಳಿದಿದ್ದ ಜಿಲ್ಲೆಯೊಂದಕ್ಕೆ ಇದು ಸಣ್ಣ ಮಾತಲ್ಲ.

ಹಾಗಿದ್ದರೆ ತೊಡಕು ಎಲ್ಲಿದೆ? ನನ್ನ ದೃಷ್ಟಿಯಲ್ಲಿ ಅದು ಫೋನು ಮತ್ತು ಕಂಪ್ಯೂಟರ್‌ಗಳ ನಡುವಿನ ಅಂತರದಲ್ಲಿದೆ. ಫೋನು ನೋಡಲು, ಆಡಲು, ಕೊಳ್ಳಲು ಹೇಳಿ ಮಾಡಿಸಿದ ಯಂತ್ರ. ಅದರಲ್ಲಿ ವಿಡಿಯೊ ತೆಗೆಯಬಹುದು, ನಿಜ. ಆಟ ಕಟ್ಟುವ ಕೆಲವು ತಂತ್ರಾಂಶಗಳೂ ಈಗ ಅದರಲ್ಲಿ ಓಡುತ್ತವೆ. ಆದರೆ ನೂರಾರು ಸಾಲು ಕೋಡ್ ಬರೆದು ತಿದ್ದುವುದಕ್ಕೆ, ಒಂದು ಕುದುರೆಯ ಕಾಲನ್ನು ಕೀಲುಕೀಲಾಗಿ ಕೂಡಿಸುವುದಕ್ಕೆ ಆರು ಅಂಗುಲದ ಗಾಜಿನ ಮೇಲೆ ಹೆಬ್ಬೆರಳು ಸಾಲದು. ಕೀಲಿಮಣೆ, ಮೌಸ್, ದೊಡ್ಡ ಪರದೆ, ಕೂರಲು ಒಂದು ಕುರ್ಚಿ, ತಾಸುಗಟ್ಟಲೆ ಹೋಗದಿರುವ ಕರೆಂಟು ಬೇಕು. ಬಡವರ ಮನೆಗೆ ಫೋನು ಬಂದಿತು, ಕಂಪ್ಯೂಟರ್ ಬರಲಿಲ್ಲ. ಹೀಗಾಗಿ ಸುಮಾರು 500 ಕಿಲೊಮೀಟರ್ ದೂರದ ಬೆಂಗಳೂರಿನಲ್ಲಿ ಉತ್ಪಾದನೆ, ಇಲ್ಲಿ ಬಳಕೆ ಎಂಬ ಹಳೆಯ ಹಂಚಿಕೆಯೇ ಹೊಸ ತಂತ್ರಜ್ಞಾನದಲ್ಲಿಯೂ ಮುಂದುವರಿದಿದೆ.

ಇನ್ನೊಂದೆಡೆ, ಸಲಕರಣೆಗಳ ಬೆಲೆ ಎಂಬ ಹಳೆಯ ಗೋಡೆ ಬಿದ್ದುಹೋಗಿದೆ. ಮೂರು ಆಯಾಮದ ಚಿತ್ರ ರಚಿಸುವ ‘ಬ್ಲೆಂಡರ್’, ಆಟ ಕಟ್ಟುವ ‘ಗೊಡೊ’ ಎರಡೂ ಉಚಿತ, ಮುಕ್ತ ತಂತ್ರಾಂಶಗಳು. ಜನಸಂಖ್ಯೆ 20 ಲಕ್ಷಕ್ಕೂ ಕಡಿಮೆ ಇರುವ ಲಾಟ್ವಿಯಾ ದೇಶದ ಗಿಂಟ್ಸ್ ಜಿಲ್ಬಲೋದಿಸ್ ನಿರ್ದೇಶಿಸಿದ ‘ಫ್ಲೋ’ ಚಿತ್ರ ಬ್ಲೆಂಡರ್‌ನಲ್ಲಿಯೇ ತಯಾರಾಯಿತು. 2025ರಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರದ ಆಸ್ಕರ್ ಪಡೆಯಿತು. ಅಮೆರಿಕದ ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಕಟ್ಟಿದ ‘ಸ್ಟಾರ್‌ಡ್ಯೂ ವ್ಯಾಲಿ’ 2016ರಲ್ಲಿ ಬಿಡುಗಡೆಯಾಗಿ, 2024ರ ಹೊತ್ತಿಗೆ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಆ ಆಟದ ವಸ್ತು ಏನೆಂದರೆ ಒಕ್ಕಲುತನ! ಬೀಜ ಬಿತ್ತುವುದು, ನೀರು ಹಾಯಿಸುವುದು, ಫಸಲು ಮಾರುವುದು. ತೊಗರಿ, ಹತ್ತಿ ಬೆಳೆಯುವ ಮನೆಯ ಹುಡುಗಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಕಥೆಗಳಿಗೂ ಇಲ್ಲಿ ಬರವಿಲ್ಲ. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ತಿರುಗಿಬಿದ್ದರು. ಅವರು ಬಾಲಕರಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವರು ಇಂಗ್ಲಿಷ್ ಕಾದಂಬರಿಕಾರ, ಅಧಿಕಾರಿ ಮೆಡೋಸ್ ಟೇಲರ್. ಸಾಕಿದ ಕೈಯೂ ಆಳುವ ಕೈಯೂ ಒಂದೇ ಪಾಳೆಯದ್ದಾದಾಗ ಒಬ್ಬ ತರುಣ ಅರಸ ಯಾವ ದಾರಿ ಹಿಡಿಯಬೇಕು? ಹೆಜ್ಜೆಹೆಜ್ಜೆಗೂ ಆಯ್ಕೆ ಕೇಳುವ ಆಟಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಅದೇ ಸುರಪುರಕ್ಕೆ ತನ್ನದೇ ಆದ ಚಿತ್ರಕಲಾ ಪರಂಪರೆಯೂ ಇದೆ.

ಪಾಲಕರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಹಳ್ಳಿಗಳಲ್ಲಿ ‘ಗೇಮ್’ ಎಂಬ ಮಾತಿಗೆ ಜೂಜು ಎಂಬ ಅರ್ಥವೂ ಅಂಟಿಕೊಂಡಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ರಾಜ್ಯ ಸರ್ಕಾರ 2021ರಲ್ಲಿ ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆಯನ್ನು ಅಂಗೀಕರಿಸಿ ಹಣದ ಆಟಗಳನ್ನು ನಿಷೇಧಿಸಿತು, ಇ-ಕ್ರೀಡೆಗೆ ಮನ್ನಣೆ ನೀಡಿತು. ಜೂಜು, ಆಟ, ಕಸುಬು ಈ ಮೂರನ್ನೂ ಬೇರೆಬೇರೆಯಾಗಿ ನೋಡುವುದನ್ನು ನಾವೂ ಕಲಿಯಬೇಕು. ಇ-ಕ್ರೀಡೆಯಲ್ಲಿ ಹಣ ಗಳಿಸುವವರು ಬೆರಳೆಣಿಕೆಯ ಮಂದಿ. ‘ಆಡಿಯೇ ಬದುಕುತ್ತೇನೆ’ ಎನ್ನುವ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕು.

ಕಟ್ಟುವ ಕೆಲಸವೂ ಹೂವಿನ ಹಾಸಿಗೆಯಲ್ಲ. 2024ರ ಜನವರಿಯಲ್ಲಿ ಮೈಕ್ರೊಸಾಫ್ಟ್ ಒಂದೇ ಕಂಪನಿ ತನ್ನ ಗೇಮ್ ವಿಭಾಗದ 1,900 ಮಂದಿಯನ್ನು ಮನೆಗೆ ಕಳಿಸಿತು. ಈಗ ಕೃತಕ ಬುದ್ಧಿಮತ್ತೆಯೂ ಚಿತ್ರ ಬಿಡಿಸುತ್ತದೆ, ಕೋಡ್ ಬರೆಯುತ್ತದೆ. ಆದರೂ ಚಿತ್ರ, ಧ್ವನಿ, ವಿನ್ಯಾಸ, ತರ್ಕ ಇವನ್ನು ಕಲಿತ ಕೈ ಒಂದು ಉದ್ಯಮ ಕುಸಿದರೆ ಸಿನಿಮಾಕ್ಕೋ ಜಾಹೀರಾತಿಗೋ ಪಠ್ಯಪುಸ್ತಕಕ್ಕೋ ಹೊರಳಬಲ್ಲದು. ಪರದೆಯನ್ನು ಉಜ್ಜುವುದನ್ನಷ್ಟೇ ಕಲಿತ ಕೈಗೆ ಅಂಥ ಆಸರೆಯಿಲ್ಲ.

ಸರ್ಕಾರದ ಬಳಿ ನೀತಿಯಿದೆ. ಆನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್‌ಗಳಿಗೆ ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ರೂಪಿಸಿದ ರಾಜ್ಯ ನಮ್ಮದು. 2024ರಿಂದ 2029ರವರೆಗಿನ ನೀತಿಯೂ ಜಾರಿಯಲ್ಲಿದೆ. ಸರ್ಕಾರದ ಬಳಿ ಹಣವೂ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ. ಈ ಮೂರನ್ನು ಒಂದೆಡೆ ತರುವ ಕೆಲಸ ಆಗಬೇಕು. ಹೋಬಳಿಗೊಂದು ಅರಿವು ಕೇಂದ್ರದಲ್ಲಿ ಹತ್ತು ಕಂಪ್ಯೂಟರ್, ಬ್ಯಾಟರಿ ವ್ಯವಸ್ಥೆ, ಉಚಿತ ತಂತ್ರಾಂಶ, ಕನ್ನಡದಲ್ಲಿ ಕಲಿಸಬಲ್ಲ ಸ್ಥಳೀಯ ತರಬೇತುದಾರ ಇರಲಿ. ಸಂಜೆ ಒಂಬತ್ತರವರೆಗೆ ಬಾಗಿಲು ತೆರೆದಿರಲಿ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆಯೂ ಇರಲಿ. ಮನೆಯ ಫೋನು ಅವರ ಕೈಗೆ ಬರುವುದು ಅಣ್ಣ ತಮ್ಮಂದಿರ ಆಟ ಮುಗಿದ ಮೇಲೆ. ಸಂವಿಧಾನದ 371(ಜೆ) ವಿಧಿ ಶಿಕ್ಷಣದಲ್ಲಿ, ಸರ್ಕಾರಿ ನೌಕರಿಯಲ್ಲಿ ನಮ್ಮ ಮಕ್ಕಳಿಗೆ ಮೀಸಲು ಕೊಟ್ಟಿದೆ. ಖಾಸಗಿ ಸ್ಟುಡಿಯೊದ ಬಾಗಿಲಲ್ಲಿ ಆ ಮೀಸಲು ನಡೆಯದು. ಅಲ್ಲಿ ಕೇಳುವುದು ಕಸುಬನ್ನು.

ಇದೇ ಜಿಲ್ಲೆಯ ಹುಣಸಗಿ ಸಮೀಪದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಉತ್ಖನನ ನಡೆಸಿದಾಗ ಸಿಕ್ಕಿದ್ದು ಆದಿಮಾನವರ ಒಂದು ಕಾರ್ಖಾನೆ. ಸುಣ್ಣಕಲ್ಲನ್ನು ಎಬ್ಬಿಸಿ, ಕೈಗೊಡಲಿಯಾಗಿ ಕೆತ್ತಿ ತೆಗೆಯುತ್ತಿದ್ದ ಆ ಜಾಗದ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದು ಎಂದು ಅಂದಾಜಿಸಲಾಗಿದೆ. ಸಲಕರಣೆ ತಯಾರಿಸುವ ವಿದ್ಯೆಗೆ ಈ ನೆಲದಲ್ಲಿ ಅಷ್ಟು ವಯಸ್ಸಾಗಿದೆ. ಪಗಾರದ ಬಗ್ಗೆ ಕೇಳುವ ಮಕ್ಕಳಿಗೆ ಹತ್ತು ಕಂಪ್ಯೂಟರ್ ಒದಗಿಸಲು ಅಷ್ಟು ಕಾಲ ಹಿಡಿಯಬೇಕಿಲ್ಲ.