ಒಂದೇ ಹೊಗೆ, ಎರಡು ಕೇಡು

ಕಲ್ಲಿದ್ದಲನ್ನು ಉರಿಸಿದಾಗ ಹೊಗೆಗೂಡಿನಿಂದ ಹೊರಬೀಳುವ ಹೊಗೆ ಒಂದೇ. ಅದರ ಕೇಡು ಮಾತ್ರ ಎರಡು ಬಗೆಯದು. ಮಸಿ, ಸೂಕ್ಷ್ಮ ಧೂಳು, ಗಂಧಕದ ಅನಿಲಗಳು ಕೆಲವು ದಿನಗಳಲ್ಲಿ ಗಾಳಿಯಿಂದ ಇಳಿದುಹೋಗುತ್ತವೆ. ಅಷ್ಟರಲ್ಲಿ ಸುತ್ತಮುತ್ತಲಿನವರ ಎದೆಯನ್ನು ಹೊಕ್ಕಿರುತ್ತವೆ. ಇಂಗಾಲಾಮ್ಲ ವಾಯುವಾದರೋ ನೂರಾರು ವರ್ಷ ವಾಯುಮಂಡಲದಲ್ಲಿದ್ದು ಇಡೀ ಭೂಮಿಯ ತಾಪವನ್ನು ಏರಿಸುತ್ತದೆ. ಹಾಗಾದರೆ, ಭೂಮಿಯ ತಾಪವನ್ನು ತಡೆಯಲೆಂದು ಮಾಡಿದ ಕಾಯಿದೆ ನಮ್ಮ ಉಸಿರಿಗೂ ಹಿತವೆ? ಬಹುಮಟ್ಟಿಗೆ ಹೌದು, ಆದರೆ ಯಾವಾಗಲೂ ಅಲ್ಲ. ಬ್ರಿಟನ್ನಿನ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ.

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನಿನಲ್ಲಿ ಗಾಳಿ ಬೀಸಲಿಲ್ಲ. ಮನೆಗಳ, ಕಾರ್ಖಾನೆಗಳ ಕಲ್ಲಿದ್ದಲ ಹೊಗೆ ಮಂಜಿನೊಡನೆ ಬೆರೆತು ಊರನ್ನು ಕವಿಯಿತು. ಅದರಿಂದ ಸತ್ತವರು ಸುಮಾರು 4,000 ಮಂದಿಯೆಂದು ಮೊದಲು ಎಣಿಸಿದರು. ಅನಂತರದ ಸಂಶೋಧನೆ ಸುಮಾರು 12,000 ಎನ್ನುತ್ತದೆ. 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂದಿತು. ಅದರ ಗುರಿ ಆರೋಗ್ಯ. ಭೂಮಿಯ ತಾಪದ ಮಾತು ಆಗ ಇರಲಿಲ್ಲ.

ಆ ಮಾತು ಬಂದದ್ದು ಬಹುಕಾಲದ ಮೇಲೆ. 2012ರಲ್ಲೂ ಆ ದೇಶದ ವಿದ್ಯುತ್ತಿನಲ್ಲಿ ಸುಮಾರು ನೂರಕ್ಕೆ 40 ಪಾಲು ಕಲ್ಲಿದ್ದಲಿನದು. 2013ರಿಂದ ವಿದ್ಯುದಾಗಾರಗಳು ತಾವು ಹೊರಬಿಡುವ ಇಂಗಾಲಾಮ್ಲಕ್ಕೆ ಹೆಚ್ಚು ಬೆಲೆ ತೆರಬೇಕಾಯಿತು. ಕಲ್ಲಿದ್ದಲು ಗಿಟ್ಟದಾಯಿತು. 2024ರ ಸೆಪ್ಟೆಂಬರ್ 30ರಂದು ಕಟ್ಟಕಡೆಯ ಕಲ್ಲಿದ್ದಲ ವಿದ್ಯುದಾಗಾರ ಮುಚ್ಚಿತು. ಇಂಗಾಲಾಮ್ಲದೊಡನೆ ಆ ಹೊಗೆಗೂಡುಗಳ ಗಂಧಕ, ಧೂಳುಗಳೂ ನಿಂತವು. ಒಂದೇ ಏಟಿಗೆ ಎರಡು ಹಣ್ಣು!

ಇನ್ನು ಮೋಟಾರಿನ ಕಡೆ ನೋಡಿ. 2001ರಿಂದ ಹೊಸ ಕಾರುಗಳ ತೆರಿಗೆಯನ್ನು ಇಂಗಾಲಾಮ್ಲದ ಪ್ರಮಾಣಕ್ಕೆ ತಕ್ಕಂತೆ ಗೊತ್ತುಮಾಡಿದರು. ಡೀಸೆಲ್ ಕಾರು ಲೀಟರಿಗೆ ಹೆಚ್ಚು ದೂರ ಓಡುತ್ತದೆ; ಆದಕಾರಣ ಜನ ಅದನ್ನೇ ಕೊಂಡರು. ಹತ್ತು ವರ್ಷಗಳಲ್ಲಿ ಹೊಸ ಕಾರುಗಳಲ್ಲಿ ಅರ್ಧದಷ್ಟು ಡೀಸೆಲಿನವೇ ಆದವು. ಆದರೆ ಆ ಕಾಲದ ಡೀಸೆಲ್ ಎಂಜಿನುಗಳು ಪೆಟ್ರೋಲಿನವುಗಳಿಗಿಂತ ಹೆಚ್ಚು ಸಾರಜನಕದ ಆಕ್ಸೈಡುಗಳನ್ನೂ ಮಸಿಯನ್ನೂ ಉಗುಳುತ್ತಿದ್ದವು. ಇವು ಶ್ವಾಸನಾಳವನ್ನು ಕೆರಳಿಸುತ್ತವೆ. ಉಬ್ಬಸವಿದ್ದವರಿಗೆ ಬಲು ಅಪಾಯ. 2013ರಲ್ಲಿ ಲಂಡನಿನ ದಟ್ಟ ಸಂಚಾರದ ರಸ್ತೆಯೊಂದರ ಬಳಿ ವಾಸವಾಗಿದ್ದ ಒಂಬತ್ತು ವರ್ಷದ ಬಾಲಕಿ ಉಬ್ಬಸದಿಂದ ತೀರಿಕೊಂಡಳು. ಅವಳ ಸಾವಿಗೆ ಕೆಟ್ಟ ಗಾಳಿಯೂ ಕಾರಣವೆಂದು 2020ರಲ್ಲಿ ವಿಚಾರಣಾಧಿಕಾರಿ ತೀರ್ಪಿತ್ತರು. 2019ರಿಂದ ಲಂಡನ್ ನಗರಾಡಳಿತವು ಹೆಚ್ಚು ಹೊಗೆಯ ಹಳೆಯ ವಾಹನಗಳಿಗೆ ದಿನವಹಿ ಶುಲ್ಕ ಹಾಕಿತು; ಬೀದಿಗಳ ಗಾಳಿ ತಿಳಿಯಾಗುತ್ತ ಬಂದಿತು.

ಆದುದರಿಂದ, ಭೂಮಿಯ ತಾಪವನ್ನು ತಗ್ಗಿಸುವ ಯೋಜನೆಯ ಸುದ್ದಿ ಬಂದಾಗ ತಾವು ಎರಡು ಪ್ರಶ್ನೆ ಕೇಳಿರಿ. ಇಂಗಾಲಾಮ್ಲ ಎಷ್ಟು ಇಳಿಯುತ್ತದೆ? ಬೀದಿಯಲ್ಲಿ ನಡೆಯುವ ಮಗುವಿನ ಎದೆಗೆ ಏನು ಹೋಗುತ್ತದೆ? ಮೊದಲನೆಯದರ ಫಲ ಮೊಮ್ಮಕ್ಕಳಿಗೆ, ಲೋಕಕ್ಕೆಲ್ಲ. ಎರಡನೆಯದರ ಫಲ ಈ ವರ್ಷವೇ, ನಮ್ಮ ಬೀದಿಯಲ್ಲೇ.