ಕೆಮ್ಮು ನಿಂತ್ಮೇಲೂ ಇನ್ಹೇಲರ್ ಯಾಕೆ?

ಅಸ್ತಮಾ ಇರೋ ಮಗುವಿನ ಕೆಮ್ಮು ನಿಂತಿದೆ.
ಇನ್ನೂ ಇನ್ಹೇಲರ್ ಯಾಕೆ, ದುಡ್ಡು ದಂಡ ಅನ್ಸುತ್ತಾ?

ಎಡವೋದು ಇಲ್ಲೇ.
ಅಸ್ತಮಾದಲ್ಲಿ ಕೆಮ್ಮು ಹೋದ್ರೂ
ಶ್ವಾಸನಾಳದ ಒಳಗಿನ ಊತ ಹೋಗಿರಲ್ಲ.
ಬೂದಿ ಮುಚ್ಚಿದ ಕೆಂಡ ಅದು.
ಒಂದು ನೆಗಡಿ, ಚೂರು ಧೂಳು ಸಾಕು,
ಮತ್ತೆ ಹೊತ್ಕೊಳ್ಳುತ್ತೆ.

ಆಮೇಲೆ ನಡುರಾತ್ರಿ ಎಮರ್ಜೆನ್ಸಿ.
ನೆಬ್ಯುಲೈಸರ್, ಆಕ್ಸಿಜನ್, ಅಡ್ಮಿಷನ್.
ಅಮ್ಮನ ರಜೆ, ಅಪ್ಪನ ಕೂಲಿ, ಆಟೋ ಬಾಡಿಗೆ,
ಇವೆಲ್ಲ ಆಸ್ಪತ್ರೆ ಬಿಲ್‌ನಲ್ಲಿ ಕಾಣೋದೇ ಇಲ್ಲ.
ಉಳಿಸೋಕೆ ಹೋಗಿದ್ದು ಒಂದು ಇನ್ಹೇಲರ್ ದುಡ್ಡು!

ಇನ್ಹೇಲರ್‌ನಲ್ಲಿರೋದು ಸ್ಟಿರಾಯ್ಡ್ ಅಂತ ಭಯಾನಾ?
ಊತ ಇಳಿಸೋ ಬುಡೆಸೊನೈಡ್ ಥರದ ಔಷಧಿ ನೇರ ಶ್ವಾಸಕೋಶಕ್ಕೆ ಹೋಗುತ್ತೆ,
ಡೋಸ್ ಮೈಕ್ರೋಗ್ರಾಂ ಲೆಕ್ಕದಲ್ಲಿ.
ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸೋ ಕೊಳವೆ) ಇಟ್ಟು ಕೊಡಿ,
ಆಮೇಲೆ ಬಾಯಿ ಮುಕ್ಕಳಿಸೋಕೆ ಹೇಳಿ.

ದುಡ್ಡಿಗೆ ಕಷ್ಟವಾದ್ರೆ ನೀವೇ ನಿಲ್ಲಿಸ್ಬೇಡಿ.
ಡಾಕ್ಟರ್‌ಗೆ ಬಾಯಿಬಿಟ್ಟು ಹೇಳಿ,
ಕಮ್ಮಿ ಬೆಲೆಯ ಜೆನೆರಿಕ್ ಬರೆಸ್ಕೊಳ್ಳಿ.
ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ.